ಕೆಂದ ನಿಲ್ಲುತ್ತಿದ್ದ ಜಾಗ

ದೂರು ಕೊಟ್ಟವಳು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರದೋ ಬಾಯಿಂದ ಕೇಳಿ, ‘ಅಯ್ಯೋ, ಅನಂತಲಕ್ಷ್ಮಿ ಇಂಥವಳಾ?’ ಎಂದು ನೀವು ಮೂಗಿನ ಮೇಲೆ ಬೆರಳಿಡುವುದು ಬೇಡ. ಐವತ್ತನಾಲ್ಕನೇ ಇಸವಿಯ ಬೇಸಿಗೆ. ನನಗೆ ಇಪ್ಪತ್ತಾರು ವರ್ಷ, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಲ್ಲೇ ಇದೆ ಎನ್ನುತ್ತಾರೆ ನನ್ನ ಮಕ್ಕಳು, ಅವರ ಮಾತು ಹಾಗಿರಲಿ.

ಆಗ ರಾಜಾಜಿನಗರವೆಂದರೆ ಕೆಂಪು ಮಣ್ಣು, ಸೈಟಿನ ಅಳತೆಗೆ ನೆಟ್ಟ ಕಲ್ಲು, ಅಲ್ಲೊಂದು ಇಲ್ಲೊಂದು ಮನೆ. ನಮ್ಮ ಬೀದಿಯಲ್ಲಿ ನಮ್ಮದು ನಾಲ್ಕನೆಯದು. ನಮ್ಮ ಯಜಮಾನರು ಲೆಕ್ಕದ ಮೇಷ್ಟರು, ಜಗನ್ನಾಥ ಮೇಷ್ಟರೆಂದರೆ ಆ ಕಡೆಯೆಲ್ಲ ಗೊತ್ತು. ಬೆಳಿಗ್ಗೆ ಒಂಬತ್ತಕ್ಕೆ ಸೈಕಲ್ ಹತ್ತಿ ಹೋದರೆ ಬರುವುದು ಸಂಜೆ ಐದಕ್ಕೆ. ಅಲ್ಲಿಯವರೆಗೆ ಮನೆಯಲ್ಲಿ ನಾನೊಬ್ಬಳು, ಮತ್ತೆ ಆ ಸದ್ದು.

ಸದ್ದು ಬರುತ್ತಿದ್ದದ್ದು ಮಧ್ಯಾಹ್ನ, ಹನ್ನೆರಡು ದಾಟಿದ ಮೇಲೆ. ನಡುಮನೆಯ ನೆಲದ ಅಡಿಯಿಂದ ‘ದುಡುಂ’ ಎನ್ನುತ್ತಿತ್ತು, ಯಾರೋ ಕೊಡವನ್ನು ಆಳದ ನೀರಿಗೆ ಬಿಟ್ಟ ಹಾಗೆ. ಒಂದೇ ಸಲ. ವಾರಕ್ಕೆ ಎರಡು ದಿನವೋ ಮೂರು ದಿನವೋ. ಗೃಹಪ್ರವೇಶವಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಆಗಲೇ ಕೆಂಪು ಗಾರೆಯ ನೆಲದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಇವರಿಗೆ ಹೇಳಿದರೆ, “ಹೊಸ ಮನೆ ಕಣೇ, ಕೂತ್ಕೊಳ್ತಾ ಇದೆ” ಎಂದು ನಕ್ಕರು. ಮನೆ ಕೂತುಕೊಳ್ಳುವುದೆಂದರೇನು, ಅದಕ್ಕೇನು ಮಂಡಿನೋವೇ? ನನಗೆ ಒಳಗೊಳಗೇ ಹೆದರಿಕೆ. ಹೆದರಿಕೆಯಾದಾಗ ನಾನು ಅಳುವುದಿಲ್ಲ, ಯಾರ ಮೇಲಾದರೂ ರೇಗುತ್ತೇನೆ.

ಅದೇ ಹೊತ್ತಿಗೆ ಆ ಗಾಡಿ ಬರುತ್ತಿತ್ತು. ಒಂಟೆತ್ತಿನ ಗಾಡಿ. ಲಗ್ಗೆರೆ ಕಡೆಯ ಗೂಡಿನಿಂದ ಇಟ್ಟಿಗೆ ಹೇರಿಕೊಂಡು, ಮನೆ ಏಳುತ್ತಿದ್ದ ಮೇಲಿನ ಬ್ಲಾಕಿಗೆ ಹೋಗುವುದು. ಹೊಡೆಯುವವನ ಹೆಸರು ಮುನಿಯಪ್ಪ. ಐವತ್ತರ ಆಸುಪಾಸು, ಎತ್ತರದ ಆಳು, ತಲೆಗೆ ಸುತ್ತಿದ ಟವೆಲು, ಮಾತು ಕಮ್ಮಿ. ಎತ್ತಿಗೆ ಕೆಂದ ಎನ್ನುತ್ತಿದ್ದ. ಮುದಿ ಎತ್ತು, ಬೆನ್ನಿನ ಕೆಂಪು ಆಗಲೇ ಬೂದಿಗೆ ತಿರುಗಿತ್ತು. ನಮ್ಮ ಗೇಟಿನೆದುರಿಗೆ ಬಂದದ್ದೇ ತಡ, ಅದರ ಕೊರಳ ಗಂಟೆ ನಿಂತುಹೋಗುವುದು. ಎತ್ತು ನಿಂತು ಕತ್ತು ಹೊರಳಿಸಿ ನಮ್ಮ ಮನೆಯ ಕಡೆ ನೋಡುವುದು. ಮುನಿಯಪ್ಪ ಗಾಡಿಯಿಂದ ಇಳಿಯುತ್ತಿರಲಿಲ್ಲ, ಹಗ್ಗ ಜಗ್ಗುತ್ತಿರಲಿಲ್ಲ, ಬಾರುಕೋಲಂತೂ ಅವನ ಹತ್ತಿರ ಇರಲೇ ಇಲ್ಲ. ರಸ್ತೆಯನ್ನೇ ದಿಟ್ಟಿಸಿಕೊಂಡು ಕೂತಿರುತ್ತಿದ್ದ. ಆ ಕಡೆ ಈ ಕಡೆ ಒಂದು ಸಲವಾದರೂ ತಿರುಗಬೇಕಲ್ಲ, ಊಹೂಂ. ಆಮೇಲೆ ಎತ್ತಿಗೇ ಏನೋ ತೋಚಿ ಹೊರಡುವುದು. ಅಷ್ಟರಲ್ಲಿ ನನ್ನ ರಂಗೋಲಿಯ ಮೇಲೆ ಸಗಣಿ ಬಿದ್ದಿರುತ್ತಿತ್ತು.

“ಏನಪ್ಪಾ, ಬೆಂಗಳೂರಲ್ಲಿ ಬೇರೆ ಜಾಗಾನೇ ಸಿಗಲಿಲ್ವಾ ನಿನ್ನ ಎತ್ತಿಗೆ?” ಎಂದು ಎಷ್ಟು ಸಲ ಕೂಗಿದ್ದೇನೋ.

“ತಪ್ಪಾಯ್ತು ಅಮ್ಮಾವ್ರೇ” ಎನ್ನುತ್ತಿದ್ದ, ನನ್ನ ಕಡೆಗೂ ನೋಡದೆ.

ಒಂದು ದಿನ ಬಿಸಿಲಿಗೆ ಅವನ ತುಟಿ ಒಡೆದದ್ದು ಕಂಡು ಮನಸ್ಸು ತಡೆಯಲಿಲ್ಲ. ಚೊಂಬಿನಲ್ಲಿ ನೀರು ತಂದುಕೊಟ್ಟೆ. ಅವನು ಕೈ ಚಾಚಲಿಲ್ಲ.

“ಈ ನೆಲದ್ ನೀರು ನಂಗೆ ಬ್ಯಾಡಿ ಅಮ್ಮಾವ್ರೇ.”

“ನಲ್ಲಿ ನೀರಪ್ಪಾ, ಬೀದಿ ನಲ್ಲೀದು.”

“ಆದ್ರೂ ಬ್ಯಾಡಿ.”

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಾರಿದವನಿಗೆ ನೀರು ಕೊಟ್ಟರೆ ಬೇಡವೆನ್ನುವುದೆಂದರೆ ಎಂಥ ಜಂಬ! ಅವತ್ತೇ ಕೂತು ಮುತ್ತಿನಂಥ ಅಕ್ಷರದಲ್ಲಿ ಕಾರ್ಪೊರೇಷನ್ನಿಗೆ ದೂರು ಬರೆದೆ. ಅದಕ್ಕೆ ಮುಂಚೆ ಎರಡು ಬರೆದಿದ್ದೆ. ಆಗ ಗಾಡಿಗಳ ಮೇಲ್ವಿಚಾರಣೆಯ ದಫೇದಾರ ಗುರುಬಸಪ್ಪ ಬಂದು ಬಾಯಿಮಾತಿನಲ್ಲಿ ಎಚ್ಚರಿಕೆ ಕೊಟ್ಟು ಹೋಗಿದ್ದ. ಮೂರನೆಯ ಸಲ ಅವನು ನಮ್ಮ ಕಾಂಪೌಂಡಿನ ಮರೆಯಲ್ಲೇ ನಿಂತು ಕಾದ. ಗಂಟೆ ನಿಂತಿತು. ನೋಟೀಸು ಹರಿದುಕೊಟ್ಟ. ಗಾಡಿಗಳು ಸ್ಟ್ಯಾಂಡಿನಲ್ಲಲ್ಲದೆ ಬೇರೆಲ್ಲೂ ನಿಲ್ಲಬಾರದೆಂಬ ನಿಯಮ ಮೀರಿದ್ದಕ್ಕೆ ಮೂರು ರೂಪಾಯಿ ದಂಡ. ನಾನು ಕಿಟಕಿಯಲ್ಲಿ ನಿಂತು, ಆಗಲಿ, ಬುದ್ಧಿ ಬರಲಿ ಎಂದುಕೊಂಡೆ.

ಮಾರನೆಯ ದಿನ ಅವನು ಗಾಡಿಯಿಲ್ಲದೆ ಬಂದ. ಮೆಟ್ಟು ಕೈಯಲ್ಲಿ ಹಿಡಿದು ಗೇಟಿನಾಚೆಯೇ ನಿಂತು, ನೋಟೀಸು ಚಾಚಿ, “ಇದ್ರಲ್ಲಿ ಏನ್ ಬರ್ದವ್ರೆ, ಓದಿ ಅಮ್ಮಾವ್ರೇ” ಎಂದ. ಜಗಳಕ್ಕೆ ಬಂದನೇನೋ ಎಂದು ನಾನು ಸೆರಗು ಬಿಗಿದೇ ಹೋಗಿದ್ದೆ. ಓದಿದೆ: ‘ಲಗ್ಗೆರೆ ವಾಸಿ ಮುನಿಯಪ್ಪನೆಂಬುವನು ಸದರಿ ಸ್ಥಳದಲ್ಲಿ ತನ್ನ ಗಾಡಿಯನ್ನು ನಿಲ್ಲಿಸಿದ್ದರಿಂದ...’

“ಅದೇ. ಆ ಮಾತು ಸುಳ್ಳು. ನಾನು ನಿಲ್ಸಿಲ್ಲ. ಎತ್ತು ನಿಂತಿದ್ದು. ದಿನಾ ನೋಡೋರು ನೀವೊಬ್ರೇ. ನಾನು ನಿಲ್ಸಿಲ್ಲ ಅಂತ ಬರ್ಕೊಡಿ.”

ದೂರು ಕೊಟ್ಟವಳ ಹತ್ತಿರವೇ ಬಂದು ಸಾಕ್ಷಿ ಕೇಳುತ್ತಿದ್ದಾನೆ! ಗೊತ್ತಿಲ್ಲದೆ ಕೇಳುತ್ತಿದ್ದಾನೋ ಏನೋ ಎಂದು, “ದೂರು ಬರೆದೋಳು ನಾನೇ” ಎಂದುಬಿಟ್ಟೆ.

“ಗೊತ್ತು. ನೀವು ಗಾಡಿ ನಿಂತೈತೆ ಅಂತ ಬರ್ದಿದ್ರಿ. ಅದು ನಿಜ. ನಿಲ್ಸಿದ ಅಂತ ಬರ್ಕಂಡವ್ನು ದಫೇದಾರ.”

ಅಷ್ಟರಲ್ಲಿ ಗುರುಬಸಪ್ಪನೇ ಸೈಕಲ್ ತಳ್ಳಿಕೊಂಡು ಬಂದ. ಕೆಟ್ಟವನಲ್ಲ ಅವನು. “ಲೇ ಮುನಿಯಪ್ಪ, ನೆಟ್ಟಗೆ ಕೇಳು. ‘ನಾನೇ ನಿಲ್ಸಿದೆ, ಇನ್ಮೇಲೆ ನಿಲ್ಸಲ್ಲ’ ಅಂತ ಹೆಬ್ಬೆಟ್ಟು ಒತ್ತಿ ದಂಡ ಕಟ್ಟು, ನಿನ್ನ ಬಿಲ್ಲೆ ಉಳಿಯೋ ಹಂಗೆ ನಾನ್ ಮಾಡ್ತೀನಿ. ಅಪೀಲು ಗಿಪೀಲು ಅಂತ ಹೋಗಿ ಸೋತ್ಯೋ, ಬಿಲ್ಲೆ ಕಿತ್ಕೊಳ್ತಾರೆ” ಎಂದ. ಬಿಲ್ಲೆಯೆಂದರೆ ಗಾಡಿಗೆ ಹೊಡೆದ ನಂಬರಿನ ತಗಡು. ಅದಿಲ್ಲದ ಗಾಡಿ ಊರೊಳಗೆ ಬಾಡಿಗೆ ಹೊಡೆಯುವಂತಿರಲಿಲ್ಲ. ಮುನಿಯಪ್ಪನಿಗೆ ಹೊಲ ಹೋಗಿತ್ತು. ಉಳಿದಿದ್ದದ್ದು ಆ ಗಾಡಿ, ಆ ಎತ್ತು.

“ಬಿಲ್ಲೆ ಹೋದ್ರೆ ಹೋಗ್ಲಿ. ಆ ಮಾತಿಗೆ ಹೆಬ್ಬೆಟ್ಟು ಹಾಕಲ್ಲ” ಎಂದ ಮುನಿಯಪ್ಪ.

ಒಂದು ಮಾತಿಗೋಸ್ಕರ ಹೊಟ್ಟೆಪಾಡು ಕಳೆದುಕೊಳ್ಳಲು ನಿಂತ ಮನುಷ್ಯನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಇವನಿಗೆ ಹುಚ್ಚೋ, ಹಟವೋ ತಿಳಿಯಲಿಲ್ಲ. ಆದರೆ ಅವನು ಹೇಳಿದ್ದು ನಿಜ, ಅದು ನನಗೆ ಗೊತ್ತಿತ್ತು. ಅವನು ಒಂದು ದಿನವೂ ಹಗ್ಗ ಜಗ್ಗಿ ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ. ನೋಟೀಸಿನ ಹಿಂದೆ ಸಣ್ಣ ಅಕ್ಷರದಲ್ಲಿ, ಹದಿನೈದು ದಿನದೊಳಗೆ ಸ್ಟಾಂಪು ಹಚ್ಚಿ ಮೇಲ್ಮನವಿ ಸಲ್ಲಿಸಬಹುದೆಂದು ಅಚ್ಚು ಹಾಕಿದ್ದರು. ಕೂತು ಬರೆದೆ.

ಸಂಜೆ ಇವರು ಬಂದು ಅದನ್ನು ಓದಿ ಕನ್ನಡಕ ತೆಗೆದರು. “ಮಗೂನ ಚಿವುಟೋಳೂ ನೀನೇ, ತೊಟ್ಟಿಲು ತೂಗೋಳೂ ನೀನೇ. ಚೆನ್ನಾಗಿದೆ ಕಣೇ.”

“ಆಯ್ತು, ಚಿವುಟಿದ್ದು ನಾನೇ. ಅದಕ್ಕೇ ತೂಗ್ತಾ ಇದೀನಿ” ಎಂದೆ.

ಬರೆಯುವಾಗ ಮುನಿಯಪ್ಪನನ್ನು ಕೇಳಿದ್ದೆ: “ಯಾಕಪ್ಪಾ ಅದು ಅಲ್ಲೇ ನಿಲ್ಲತ್ತೆ?”

“ಅದಕ್ಕೆ ಗೊತ್ತು.”

“ಹಾಗೆ ಬರೆಯೋಕಾಗತ್ತಾ ಅರ್ಜೀಲಿ? ಹೋಗಲಿ, ಬೇರೆ ದಾರೀಲಿ ಹೋಗಬಾರದಾ?”

ಅವನು ಕೈಯಲ್ಲಿದ್ದ ಮೆಟ್ಟಿನ ಧೂಳು ಕೊಡವಿದ. ‘ಎತ್ತು ನಿಲ್ಲುವ ಕಾರಣ ಅರ್ಜಿದಾರನಿಗೆ ತಿಳಿಯದು’ ಎಂದು ಬರೆದು ಓದಿ ಹೇಳಿದೆ. ಅವನು ರಸ್ತೆಯ ಕಡೆ ಮುಖ ತಿರುಗಿಸಿ, “ಹೂಂ, ಹಂಗೇ ಇರ್ಲಿ” ಎಂದ.

ವಿಚಾರಣೆಯ ದಿನ ಬರುವವರೆಗೆ ನನಗೆ ಮನೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅಪೀಲು ಮುಗಿಯುವವರೆಗೆ ಗಾಡಿ ಆ ಬೀದಿಗೆ ಬರಕೂಡದೆಂದು ದಫೇದಾರ ಹೇಳಿದ್ದ, ಗಾಡಿ ಬರುತ್ತಿರಲಿಲ್ಲ. ಆದರೆ ಹನ್ನೆರಡು ದಾಟಿದ ಕೂಡಲೇ ನನ್ನ ಕಿವಿ ಬೀದಿಯ ಕಡೆಗೆ ಹೋಗುವುದು. ದೂರದಿಂದ ಗಂಟೆ ಕೇಳಿಸುವುದು, ಹತ್ತಿರ ಬರುವುದು, ಗೇಟಿನೆದುರು ನಿಲ್ಲುವುದು. ಹೋಗಿ ನೋಡಿದರೆ ಬೀದಿ ಖಾಲಿ, ಬಿಸಿಲು ಮಾತ್ರ. ತಿರುಗಿ ಒಳಗೆ ಕಾಲಿಟ್ಟರೆ ನೆಲದಡಿ ದುಡುಂ. ಒಂದು ದಿನವಂತೂ ಹಿಡಿದಿದ್ದ ಸೌಟನ್ನು ಅಲ್ಲೇ ಬಿಟ್ಟು ಪಕ್ಕದ ವಿಮಲಮ್ಮನ ಮನೆಗೆ ಓಡಿದ್ದೆ. ಏನಾಯಿತೆಂದು ಆಕೆ ಕೇಳಿದರೆ, ಸಕ್ಕರೆ ಸಾಲ ಬೇಕಿತ್ತು ಎಂದೆ.

ವಿಚಾರಣೆಯ ದಿನ ಇವರು ಶಾಲೆಗೆ ರಜೆ ಹಾಕಿ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಮುನಿಯಪ್ಪ ಲಗ್ಗೆರೆಯಿಂದ ನಡೆದೇ ಬಂದಿದ್ದ. ಅಪೀಲು ಕೇಳುವ ಅಧಿಕಾರಿಗೆ ವೆಂಕಟಗಿರಿಯೆಂದು ಹೆಸರು. ಮುಚ್ಚುಕೋಟು, ಜರಿಪೇಟ, ನಿವೃತ್ತಿಗೆ ಹತ್ತಿರವಾದ ವಯಸ್ಸು. ಬಡವನ ಅರ್ಜಿಯೆಂದು ಉಡಾಫೆ ಮಾಡದೆ ಸಾವಧಾನವಾಗಿ ಓದಿದರು. ನನ್ನ ಹೇಳಿಕೆಯನ್ನೂ ಬರೆದುಕೊಂಡರು. ಆಮೇಲೆ ಮುನಿಯಪ್ಪನ ಕಡೆ ತಿರುಗಿದರು.

“ಎತ್ತು ತಾನಾಗಿ ನಿಂತಿತು ಅಂತೀಯ. ಸರಿ. ನಿಂತ ಎತ್ತನ್ನ ನೀನು ಹೊಡೆದು ಓಡಿಸಬಹುದಿತ್ತಲ್ಲಯ್ಯಾ?”

“ಹೊಡಿಯಲ್ಲ ಬುದ್ಧಿ.”

“ಯಾಕೆ?”

ಮುನಿಯಪ್ಪ ಟವೆಲು ಹಿಂಡತೊಡಗಿದ. “ಒಂದ್ಸಲ ಹೊಡ್ದಿದ್ದೆ” ಎಂದ.

ವೆಂಕಟಗಿರಿಯವರು ಪೆನ್ನು ಕೆಳಗಿಟ್ಟರು. “ಬರುವ ಸೋಮವಾರ ನಾನೇ ಸ್ಥಳಕ್ಕೆ ಬಂದು ನೋಡ್ತೀನಿ. ಎತ್ತು ತಾನಾಗಿ ನಿಂತರೆ ಅಪೀಲು ನಿನ್ನದು. ನಿಲ್ಲಲಿಲ್ಲವೋ, ನೀನು ಹೇಳಿದ್ದು ಸುಳ್ಳು ಅಂತ ಆಗತ್ತೆ. ದಂಡ ಖಾಯಂ, ಬಿಲ್ಲೆ ರದ್ದು. ಒಪ್ಪಿಗೆಯೇ?” ಮುನಿಯಪ್ಪ ತಲೆಯಾಡಿಸಿದ.

ಇವರು ಯಾವುದೋ ಗುಮಾಸ್ತರ ಪರಿಚಯ ಸಿಕ್ಕಿ ಮಾತಿಗೆ ನಿಂತರು. ನಾನು ಕಚೇರಿಯ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತೆ, ಮುನಿಯಪ್ಪ ಎರಡು ಮಾರು ಆಚೆ ನೆಲದ ಮೇಲೆ ಕೂತ. “ಯಾಕೆ ಹೊಡೆದಿದ್ದೆ?” ಎಂದು ನಾನೇ ಕೇಳಿದೆ. ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಸುಳ್ಳು, ಕೇಳಬೇಕಾಗಿತ್ತು.

ನಮ್ಮ ಬೀದಿ ಇದ್ದ ಜಾಗ ಮೊದಲು ಅವನ ಹೊಲ. ಬಾವಿಯಿತ್ತು, ಬಾವಿಗೆ ಕಪಿಲೆಯಿತ್ತು. ಕಪಿಲೆ ಈಗಿನವರಿಗೆ ಗೊತ್ತಿಲ್ಲ, ಅದಕ್ಕೇ ಹೇಳುತ್ತೇನೆ. ಬಾವಿಯ ಬಾಯಿಂದ ಉದ್ದಕ್ಕೆ ಒಂದು ಇಳಿಜಾರು. ಜೋಡಿ ಎತ್ತು ಹಗ್ಗ ಎಳೆದುಕೊಂಡು ಇಳಿಜಾರಿನಲ್ಲಿ ಇಳಿದರೆ ತೊಗಲಿನ ಬಾನಿ ನೀರು ತುಂಬಿ ಮೇಲೆ ಬರುತ್ತದೆ, ಕಾಲುವೆಗೆ ಸುರಿಯುತ್ತದೆ. ಆಮೇಲೆ ಎತ್ತುಗಳು ಮುಖ ತಿರುಗಿಸದೆ ಹಿಮ್ಮುಖವಾಗಿಯೇ ಹತ್ತಿ ಬರಬೇಕು, ಬಾನಿ ಮತ್ತೆ ಬಾವಿಗೆ ಇಳಿಯುತ್ತದೆ. ಹೊಡೆಯುವವನು ಹಗ್ಗದ ಮೇಲೆ ಕೂತು ಹಾಡಿಕೊಂಡು ಇಳಿಯುತ್ತಾನೆ, ಬಾವಿಗೆ ಬೆನ್ನು ಹಾಕಿ.

“ನಲವತ್ತೈದನೇ ಇಸ್ವಿ ಅಮ್ಮಾವ್ರೇ. ನನ್ ಮಗಳು ಅಕ್ಕಯ್ಯ, ಏಳು ವರ್ಷ. ನಮ್ಮವ್ವನ ಹೆಸರು ಅಕ್ಕಯ್ಯಮ್ಮ, ಅದನ್ನೇ ಇಟ್ಟಿದ್ದೊ. ಮಧ್ಯಾಹ್ನಕ್ಕೆ ದಿನಾ ಅಂಬ್ಲಿ ತರೋಳು, ಸಣ್ಣ ಕುಡಿಕೇಲಿ. ಅವತ್ತು ಬಂದಿದ್ದು ನಾನು ನೋಡ್ಲಿಲ್ಲ. ಹಾಡ್ಕಂಡು ಇಳೀತಿದ್ದೆ. ಹಿಂದ್ಗಡೆ ದುಡುಂ ಅಂತು. ಬಾನಿ ತುಳುಕ್ತು ಅಂದ್ಕಂಡೆ. ಬಾನೀದೂ ಹಂಗೇ ಸದ್ದು. ಎತ್ತು ನಿಂತೋದೊ, ಇಳಿಜಾರಿನ ಮಧ್ಯದಲ್ಲಿ. ಈ ಕೆಂದ ಕತ್ತು ತಿರುಗ್ಸಿ ಬಾವಿ ಕಡೆ ನೋಡ್ತು. ಬದನೆ ಮಡಿಗೆ ಇನ್ನೆರಡು ಬಾನಿ ನೀರು ಬೇಕಿತ್ತು. ಬಾರುಕೋಲು ತಗಂಡು ಹೊಡ್ದೆ. ನಿಲ್ಲಕ್ಕೆ ಬಿಡ್ಲಿಲ್ಲ. ಒಂದು ಬಾನಿ ಬಂತು, ನೀರು. ಎರಡನೇದು ಬಂತು, ನೀರು. ಮೂರನೇದ್ರಲ್ಲಿ ಅಂಬ್ಲಿ ಕುಡಿಕೆ ಇತ್ತು.”

ಕಚೇರಿಯ ಮುಂದೆ ಜನ ಬಂದು ಹೋಗುತ್ತಿದ್ದರು. ಯಾರೋ ಒಬ್ಬಾತ ಕಡಲೆಕಾಯಿ ಮಾರುತ್ತಿದ್ದ.

“ನಿಲ್ಸಬೇಕಾಗಿದ್ ದಿನ ನಾನು ನಿಲ್ಸಲಿಲ್ಲ. ಪಾಪಮ್ಮ, ನನ್ ಹೆಂಡ್ತಿ, ಅವತ್ತು ಒಂದೇ ಮಾತು ಕೇಳಿದ್ಲು, ‘ಎತ್ತೇ ನಿಂತ್ಕಂಡ್ವಲ್ಲ, ನೀನ್ಯಾಕೆ ನಿಲ್ಲಿಸ್ಲಿಲ್ಲ?’ ಅಂತ. ಆಮೇಲಿಂದ ಮಾತಿಲ್ಲ. ಒಂಬತ್ತು ವರ್ಷ. ಒಂದೇ ಸೂರು, ಅವಳು ಬೇಯ್ಸಿ ಮುಚ್ಚಿಟ್ಟು ಆಚೀಗೋಗ್ತಾಳೆ, ನಾನು ಬಡ್ಸ್ಕಂಡು ಉಣ್ತೀನಿ. ನೋಟೀಸು ಬಂದ್ ರಾತ್ರಿ ಊರೋರ ಕೈಲಿ ಓದಿಸ್ದೆ. ‘ಗಾಡಿ ನಿಲ್ಲಿಸಿದ’ ಅಂತ ಓದಿದ್ರು. ಅವಳು ಒಲೆ ಮುಂದೆ ಕೂತಿದ್ಲು. ‘ಈಗ ನಿಲ್ಸಿದ್ನಂತಾ?’ ಅಂದ್ಲು. ಅಷ್ಟೇ. ನಾನು ಆ ಮಾತಿಗೆ ಹೆಂಗೆ ಅಮ್ಮಾವ್ರೇ ಹೆಬ್ಬೆಟ್ಟು ಹಾಕ್ಲಿ? ಎತ್ತಿಗೆ ಮೂಗ್‌ದಾರ ಐತೆ, ಅದಕ್ಕಿರೋ ಬುದ್ಧಿ ನಂಗಿಲ್ದೇ ಹೋಯ್ತು.”

“ಬೇರೆ ದಾರಿ ಹಿಡಿಯಬಾರದಾಗಿತ್ತಾ ಮುನಿಯಪ್ಪ?”

“ಬ್ಯಾರೆ ದಾರೀಲ್ ಹೋದ್ರೆ ಅವಳ್ನ ಬಿಟ್ಟು ಹೋದಂಗೆ. ಹೋಗ್ದೇ ಇರಕ್ಕಾಗಲ್ಲ, ಹೋದ್ರೆ ನೋಡಕ್ಕಾಗಲ್ಲ.”

ಕೇಳದೆ ಗತಿಯಿರಲಿಲ್ಲ. “ಬಾವಿ ಎಲ್ಲಿತ್ತು?”

ಅವನು ತನ್ನ ಕಾಲಬೆರಳನ್ನೇ ನೋಡಿಕೊಂಡ. “ಬಡಾವಣೆ ಮಾಡುವಾಗ ಮಣ್ಣು ತುಂಬಿ ಮುಚ್ಚಿದ್ರು. ನಿಮ್ಮ ನಡುಮನೆ ಅಮ್ಮಾವ್ರೇ.”

ಅವತ್ತು ಮನೆಗೆ ಬಂದವಳು ಒಳಗೆ ಹೋಗಲಿಲ್ಲ. ಜಗಲಿಯಲ್ಲೇ ಕೂತೆ. ಇವರು ದೀಪ ಹಚ್ಚಿ, ಕೈ ಹಿಡಿದು ಕರೆದುಕೊಂಡು ಹೋಗಬೇಕಾಯಿತು. ಬಿರುಕಿನ ಮೇಲೆ ನಾನು ಎಷ್ಟು ಸಲ ಮಣೆ ಹಾಕಿಕೊಂಡು ಊಟಕ್ಕೆ ಕೂತಿದ್ದೆನೋ!

ಸೋಮವಾರ ಬಂತು. ಹನ್ನೆರಡಕ್ಕೆ ವೆಂಕಟಗಿರಿಯವರು ಛತ್ರಿ ಹಿಡಿದು ನಮ್ಮ ಗೇಟಿನ ಪಕ್ಕ ನಿಂತರು. ಗುರುಬಸಪ್ಪ ಒಂದು ಕಡೆ, ಕಾಗದದ ಕಟ್ಟು ಹಿಡಿದ ಜವಾನ ಒಂದು ಕಡೆ. ನಾನೂ ವಿಮಲಮ್ಮನೂ ಜಗಲಿಯಲ್ಲಿ. ಎತ್ತು ಯಾಕೆ ನಿಲ್ಲುತ್ತದೆಂದು ನಾನು ಅಧಿಕಾರಿಗಳಿಗೆ ಹೇಳಿರಲಿಲ್ಲ, ಅದು ನನ್ನ ಮಾತಲ್ಲ. ನಿಂತರೆ ಸಾಕು ಎಂದು ಮನೆದೇವರಿಗೆ ಹರಕೆ ಹೊತ್ತಿದ್ದೆ. ಇಷ್ಟು ದಿನ ಯಾವ ಎತ್ತು ನಿಲ್ಲಬಾರದೆಂದು ದೂರು ಬರೆದೆನೋ ಅದೇ ಎತ್ತು ನಿಲ್ಲಲಿ ಎಂದು ಹರಕೆ.

ಬೀದಿಯ ತಿರುವಿನಲ್ಲಿ ಗಂಟೆ ಕೇಳಿಸಿತು. ಗಾಡಿ ತುಂಬ ಇಟ್ಟಿಗೆ. ಮುನಿಯಪ್ಪ ಎಂದಿನ ಹಾಗೆ ರಸ್ತೆ ನೋಡುತ್ತ ಕೂತಿದ್ದ. ಗಾಡಿ ವಿಮಲಮ್ಮನ ಮನೆ ದಾಟಿತು. ನಮ್ಮ ಗೇಟಿನೆದುರಿಗೆ ಬಂತು.

ಗಂಟೆ ನಿಲ್ಲಲಿಲ್ಲ.

ಕೆಂದ ತಲೆ ತಗ್ಗಿಸಿಕೊಂಡು, ಒಂದು ಸಲವೂ ಕತ್ತು ಹೊರಳಿಸದೆ, ನಡೆದುಕೊಂಡು ಹೋಗಿಯೇಬಿಟ್ಟಿತು. “ನಿಲ್ಲೋ, ನಿಲ್ಲೋ ಮುಂಡೇದೇ” ಎಂದು ನನ್ನ ಬಾಯಿಂದ ಬಂದೇಹೋಯಿತು, ವಿಮಲಮ್ಮ ನನ್ನ ಕೈ ಹಿಡಿದರು. ಗುರುಬಸಪ್ಪ ನಾಲಿಗೆ ಕಚ್ಚಿಕೊಂಡ. ವೆಂಕಟಗಿರಿಯವರು ಛತ್ರಿ ಮಡಿಸಿ ಜವಾನನ ಕೈಯಿಂದ ಕಾಗದ ತೆಗೆದುಕೊಂಡರು. ಎತ್ತು ಯಾಕೆ ನಿಲ್ಲಲಿಲ್ಲವೋ ಇವತ್ತಿಗೂ ನನಗೆ ತಿಳಿದಿಲ್ಲ. ಮುದಿಯಾಗಿ ಮರೆತಿತೋ, ಜನ ನೋಡಿ ಬೆದರಿತೋ. ತನ್ನ ಪಾಲಿನದು ಮುಗಿಯಿತು ಎಂದುಕೊಂಡಿತೋ ಏನೋ.

ಗಾಡಿ ಇಪ್ಪತ್ತು ಮಾರು ಮುಂದೆ ಹೋಗಿತ್ತು. ಆಗ ಮುನಿಯಪ್ಪ ಹಗ್ಗ ಜಗ್ಗಿದ. ಜಗ್ಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಗಾಡಿಯಿಂದ ಇಳಿದ. ಎತ್ತಿನ ಮುಂದೆ ಬಂದು, ಅದರ ಕೊರಳಡಿಯ ಗಂಗೆದೊಗಲು ಸವರಿ, ರಾಗವಾಗಿ ಕರೆಯತೊಡಗಿದ.

“ಹಿಂದಕ್ ಬಾರೋ... ಹಿಂದ್‌ಹಿಂದಕ್ ಬಾರೋ ಕೆಂದಾ...”

ಹೊರೆ ಹೊತ್ತ ಗಾಡಿಯೆತ್ತು ಹಿಂದಕ್ಕೆ ನಡೆಯುವುದನ್ನು ನೀವು ಕಂಡಿದ್ದೀರಾ? ನಡೆಯುವುದಿಲ್ಲ. ಕಪಿಲೆ ಎಳೆದ ಎತ್ತು ನಡೆಯುತ್ತದೆ. ಒಂಬತ್ತು ವರ್ಷ ಕೇಳದಿದ್ದ ಆ ಕಪಿಲೆಯ ರಾಗ ಕೇಳಿ ಕೆಂದನ ಕಿವಿ ನೆಟ್ಟಗಾದವು. ಒಂದೊಂದೇ ಹೆಜ್ಜೆ ಹಿಂದಿಟ್ಟಿತು. ಚಕ್ರ ಜಲ್ಲಿಯ ಮೇಲೆ ಕಿರುಗುಟ್ಟಿತು. ಮುನಿಯಪ್ಪ ಹಾಡುತ್ತ ಬಂದ, ಎತ್ತು ಹಿಂದಕ್ಕೆ ಹಿಂದಕ್ಕೆ ಬಂತು, ನಮ್ಮ ಗೇಟಿನವರೆಗೆ. ಅಲ್ಲಿ ಅವನು “ಹೋ” ಎಂದ. ಗಂಟೆ ನಿಂತಿತು.

ಆಮೇಲೆ ಮುನಿಯಪ್ಪ ತಿರುಗಿ ನಮ್ಮ ಮನೆಯನ್ನು ನೋಡಿದ. ತೆರೆದ ಬಾಗಿಲಿನಿಂದ ನಡುಮನೆ ಕಾಣುತ್ತಿತ್ತು. ನಾನು ಪಕ್ಕಕ್ಕೆ ಸರಿದು ನಿಂತೆ.

“ಬರ್ಕಳಿ ಬುದ್ಧಿ. ನಾನೇ ನಿಲ್ಸಿದ್ದು.”

ವೆಂಕಟಗಿರಿಯವರು ಅವನನ್ನೇ ನೋಡಿದರು. “ಹಾಗೆ ಬರೆದರೆ ಇನ್ನೊಂದು ದಿನ ಬಂದು ನೋಡೋಕೂ ದಾರಿಯಿಲ್ಲ, ಅಪೀಲು ವಜಾ ಆಗತ್ತೆ ಕಣಯ್ಯಾ. ಬಿಲ್ಲೆ ಹೋಗತ್ತೆ. ಗೊತ್ತೇನು?”

“ಗೊತ್ತು ಬುದ್ಧಿ.”

“ನಿಲ್ಲಿಸಲಿಲ್ಲ ಅಂತ ನೀನೇ ಅಲ್ಲವೇ ಇಷ್ಟು ದೂರ ಬಂದದ್ದು?”

“ಅವತ್ತೆಲ್ಲ ಎತ್ತು ನಿಂತಿತ್ತು. ಇವತ್ತು ನಾನು ನಿಲ್ಸಿದೀನಿ.”

ಮತ್ತೇನೂ ಕೇಳದೆ ಅವರು ಜಗಲಿಯ ಮೇಲೆ ಕೂತು ತಮ್ಮ ಕೈಯಾರೆ ಬರೆದರು. ಗಾಡಿಯನ್ನು ತೆಗೆ ಎಂದು ಯಾರೂ ಹೇಳಲಿಲ್ಲ, ಗುರುಬಸಪ್ಪನೂ ಹೇಳಲಿಲ್ಲ. ಮುನಿಯಪ್ಪ ಬೀದಿಯ ನಡುವೆ ಹಾಗೇ ನಿಂತಿದ್ದ, ಅಳುತ್ತಲೂ ಇರಲಿಲ್ಲ. ಗೇಟಿನ ಕಂಬದ ಬುಡದಲ್ಲಿದ್ದ ನೆರಳು ಹರಿದು ಗಾಡಿಯ ಚಕ್ರ ಮುಟ್ಟಿತು. ಜವಾನ ಬಂದು ಮಸಿ ಹಚ್ಚಿದ ಮೇಲೆ ಹೆಬ್ಬೆಟ್ಟು ಒತ್ತಿ, ನನ್ನ ಕಡೆ ತಿರುಗಿ, “ಒಂದು ಚೊಂಬು ನೀರು ಕೊಡಿ ಅಮ್ಮಾವ್ರೇ” ಎಂದ. ಕೊಟ್ಟೆ. ಪೂರ್ತಿ ಕುಡಿದ.

ಆ ಸದ್ದೇನೂ ನಿಲ್ಲಲಿಲ್ಲ. ನಿಂತಿತು ಎಂದರೆ ನಿಮಗೆ ಸಮಾಧಾನವಾಗಬಹುದು, ಆದರೆ ನಿಲ್ಲಲಿಲ್ಲ. ಬಿರುಕಿಗೆ ಎರಡು ಸಲ ಸಿಮೆಂಟು ಹಾಕಿಸಿದೆವು, ಮತ್ತೆ ಬಿಟ್ಟಿತು. ಈಗ ಹಾಗೇ ಬಿಟ್ಟಿದ್ದೇವೆ. ಮಧ್ಯಾಹ್ನ ನೆಲದಡಿ ದುಡುಂ ಎಂದಾಗ ನಾನು ಮಾಡುತ್ತಿದ್ದ ಕೆಲಸ ನಿಲ್ಲಿಸುತ್ತೇನೆ. ಒಲೆಯ ಮೇಲೆ ಹಾಲು ಉಕ್ಕಿದರೂ ಉಕ್ಕಲಿ.

ತೀರ್ಪಿನ ನಕಲು ಹದಿನೈದು ದಿನ ಬಿಟ್ಟು ನಮ್ಮ ವಿಳಾಸಕ್ಕೇ ಬಂತು. ಇವರ ಜೊತೆ ಲಗ್ಗೆರೆಗೆ ಹೋದೆ. ಹೆಂಚಿನ ಸಣ್ಣ ಮನೆ. ಹೊರಗೆ ನೊಗ ಕಳಚಿದ ಗಾಡಿ, ಅದರ ಹಿಂದೆ ಬಿಲ್ಲೆ ಇದ್ದ ಜಾಗದಲ್ಲಿ ನಾಲ್ಕು ಮೊಳೆಯ ತೂತು. ಕೆಂದ ಹುಲ್ಲು ತಿನ್ನುತ್ತಿತ್ತು. ಮುನಿಯಪ್ಪ ಇಟ್ಟಿಗೆ ಗೂಡಿನಲ್ಲಿ ಕಾವಲಿಗೆ ಸೇರಿದ್ದನಂತೆ, ಆಗ ತಾನೇ ಬಂದು ಕಟ್ಟೆಯ ಮೇಲೆ ಕೂತಿದ್ದ. ಪಾಪಮ್ಮ ಹೊಸಿಲಿನ ಒಳಗೆ ಗೋಡೆಗೊರಗಿ ಕೂತಿದ್ದಳು. ಬಡಕಲು ಹೆಂಗಸು, ನೆರೆತ ತಲೆ. ಇಬ್ಬರ ನಡುವೆ ಬಾಗಿಲಿತ್ತು.

ನಾನು ಗಟ್ಟಿಯಾಗಿ ಓದಿದೆ. ಅಪೀಲು ವಜಾ, ದಂಡ ಖಾಯಂ, ಬಿಲ್ಲೆ ರದ್ದು. ಕೊನೆಯಲ್ಲಿ ವೆಂಕಟಗಿರಿಯವರು ಬರೆದಿದ್ದ ಸಾಲು: ‘ಸದರಿ ಮುನಿಯಪ್ಪನು ನಮ್ಮ ಸಮಕ್ಷಮದಲ್ಲಿ, ಮುಂದೆ ಹೋಗಿದ್ದ ಗಾಡಿಯನ್ನು ಹಿಂದಕ್ಕೆ ನಡೆಸಿಕೊಂಡು ಬಂದು, ಈ ಸ್ಥಳದಲ್ಲಿ ತಾನಾಗಿಯೇ ನಿಲ್ಲಿಸಿದನು.’

“ಇನ್ನೊಂದ್ಸಲ ಓದಿ” ಎಂದಳು ಪಾಪಮ್ಮ.

ಓದಿದೆ.

“ನಿಲ್ಸಿದ್ನಾ?”

“ನಿಲ್ಲಿಸಿದ್ರಮ್ಮ. ನಾನೇ ನೋಡಿದೆ.”

“ಏಟೊತ್ತು?”

ನಾನು ಕಾಗದದಲ್ಲಿ ಹುಡುಕಿದೆ. ಅದರಲ್ಲಿ ಬರೆದಿರಲಿಲ್ಲ. “ಗೇಟಿನ ಬುಡದಲ್ಲಿದ್ದ ನೆರಳು ಗಾಡಿ ಚಕ್ರಕ್ಕೆ ಬರೋವರೆಗೂ ನಿಂತಿದ್ರು” ಎಂದೆ.

ಪಾಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಒಳಗೆ ಪಾತ್ರೆಯ ಸದ್ದಾಯಿತು. ತಟ್ಟೆಯಲ್ಲಿ ಹಿಟ್ಟಿನ ಮುದ್ದೆ, ಬಟ್ಟಲಲ್ಲಿ ಸಾರು ಹಿಡಿದು ಬಂದು, ಹೊಸಿಲು ದಾಟಿ, ಮುನಿಯಪ್ಪನ ಮುಂದೆ ಇಟ್ಟಳು.

“ಉಣ್ಣು” ಎಂದಳು.